ಸಚಿವರ ದನಿಯ ಕೆಳಗೆ

ಶೈಲಜಾಳಿಗೆ ಜಪಾನಿ ಭಾಷೆ ಕಲಿಸಿದವರು ಆ ದೇಶದ ವಿದೇಶಾಂಗ ಸಚಿವರು. ಅವರಿಗೆ ಅದು ಗೊತ್ತಿರಲಿಲ್ಲ, ಗೊತ್ತಾಗುವ ಸಂಭವವೂ ಇರಲಿಲ್ಲ.

ಅರಸೀಕೆರೆಯಲ್ಲಿ ಬಿ.ಕಾಂ. ಮುಗಿಸಿ, ಮದುವೆಯಾಗಿ ಜಪಾನಿನ ಇಚಿಕಾವಾದ ಮೂರನೇ ಮಹಡಿಯ ಮನೆಗೆ ಬಂದಾಗ ಅವಳ ಬಾಯಲ್ಲಿದ್ದುದು ಕ್ಷಮಿಸಿ ಎನ್ನುವ ‘ಸುಮಿಮಾಸೆನ್’, ಧನ್ಯವಾದ ಎನ್ನುವ ‘ಅರಿಗಾತೋ’ ಎರಡೇ. ನಗರಸಭೆಯವರು ನಡೆಸುವ ಭಾಷೆಯ ತರಗತಿಗೆ ಹೋಗುತ್ತೇನೆ ಎಂದರೆ ಗಂಡ ಭುವನ್ ಒಪ್ಪಲಿಲ್ಲ. "ಅಲ್ಲಿ ಯಾರ್ಯಾರೋ ಬರ್ತಾರೆ. ಮನೇಲಿ ಟಿವಿ ಇದ್ಯಲ್ಲ, ನೋಡ್ಕೊಂಡು ಕಲಿ" ಅಂದ.

ಟಿವಿಯಲ್ಲಿ ಅಡುಗೆ ಮಾಡುವವರು ಚೀರುತ್ತಿದ್ದರು, ಕಾರ್ಟೂನಿನ ಮಕ್ಕಳು ಕಿರುಚುತ್ತಿದ್ದರು. ಹಿಡಿಯಹೋದ ಮಾತೆಲ್ಲ ಸೋಪಿನ ಹಾಗೆ ಕೈಯಿಂದ ಜಾರುತ್ತಿತ್ತು. ಹಾಗಿರುವಾಗ ಒಂದು ದಿನ ಸಂಸತ್ತಿನ ಬಜೆಟ್ ಸಮಿತಿಯ ಕಲಾಪ ನೇರಪ್ರಸಾರವಾಗುತ್ತಿತ್ತು. ನರೆತ ತಲೆಯ ಒಬ್ಬರು ಎದ್ದು ಮೈಕಿನ ಮುಂದೆ ಬಂದು ಒಂದೊಂದೇ ಪದವನ್ನು ಹಪ್ಪಳ ಹರವಿದಂತೆ ಬೇರೆ ಬೇರೆಯಾಗಿ ಇಡುತ್ತ ಹೋದರು. ಮರುದಿನವೂ ಅವರೇ ಬಂದರು, ಆ ಪದಗಳೇ ಬಂದವು. ಯಾವುದೋ ಜಲಸಂಧಿಯಲ್ಲಿ ಹಡಗು ಹಿಡಿದದ್ದು, ದೂರದ ಯುದ್ಧ, ಸೇನಾನೆಲೆಯ ಪಕ್ಕದ ಊರಿನ ಗದ್ದಲ, ಶಾಲೆ ಬಿಟ್ಟ ವಿದೇಶಿ ಮಕ್ಕಳು. ವಿರೋಧ ಪಕ್ಷದವರು ಏನೇ ಕೇಳಲಿ, ದೇಶದೊಳಗಿನದಾಗಲಿ ಹೊರಗಿನದಾಗಲಿ, ಉತ್ತರದ ರಾಗ ಒಂದೇ. ಶೈಲಜಾ ಕಾಯಿ ತುರಿಯುತ್ತ ಅವರ ಹಿಂದೆಯೇ ಹೇಳಿಕೊಳ್ಳುತ್ತಿದ್ದಳು. ಮಗ್ಗಿ ಕಲಿತ ಹಾಗೆ ಕಲಿತಳು.

ಮೊದಮೊದಲು ಅದು ನಗೆಯ ವಿಷಯವಾಗಿತ್ತು. ತರಕಾರಿ ಅಂಗಡಿಯ ಮುದುಕ ಮೂಲಂಗಿ ಬೇಕೇ ಎಂದರೆ, "ಆ ಬಗ್ಗೆ ಸಮಗ್ರವಾಗಿ ಪರಿಶೀಲಿಸಲಾಗುವುದು" ಎಂದಳು. ಅವನು ಹೊಟ್ಟೆ ಹಿಡಿದು ನಕ್ಕು ಎರಡು ಈರುಳ್ಳಿ ಹೆಚ್ಚಿಗೆ ಹಾಕಿದ. ಎದುರು ಕಟ್ಟಡದಲ್ಲಿದ್ದ, ನಮ್ಮ ಕಡೆಯವಳೇ ಆದ ರತ್ನಕ್ಕ ಮೆಟ್ಟಿಲ ಹತ್ತಿರ ಸಿಕ್ಕಾಗಲೆಲ್ಲ, "ಏನಮ್ಮ ಮಿನಿಸ್ಟರ್ರೇ, ಇವತ್ತು ಸಾರಿನ ಬಗ್ಗೆ ಸರ್ಕಾರದ ನಿಲುವೇನು?" ಎಂದು ಕೆಣಕುತ್ತಿದ್ದಳು. ಮಗಳು ಹರ್ಷಿಣಿ ಮಾತು ಕಲಿತ ಮೇಲೆ ತಾಯಿ ಮಗಳಿಗೆ ಇದೇ ಒಂದು ಆಟವಾಯಿತು. ‘ಹೋಮ್‌ವರ್ಕ್ ಆಯ್ತಾ?’ ಎಂದರೆ, ‘ಪರಿಸ್ಥಿತಿಯನ್ನು ಸೂಕ್ಷ್ಮವಾಗಿ ಗಮನಿಸುತ್ತಿದ್ದೇವೆ’ ಎಂದು ಸಚಿವರ ದನಿಯಲ್ಲೇ ಜಪಾನಿಯಲ್ಲಿ ಹೇಳಿ ಓಡುತ್ತಿದ್ದಳು.

ಮೊದಲ ಏಟು ಬಿದ್ದದ್ದು ಕಸದ ವಿಷಯಕ್ಕೆ. ಸುಡುವ ಕಸ ಮಾತ್ರ ಒಯ್ಯುವ ದಿನ ಪ್ಲಾಸ್ಟಿಕ್ಕನ್ನು ಹೊರಗೆ ಇಟ್ಟಿದ್ದಳು. ತಪ್ಪೆಂದು ಕೆಂಪು ಚೀಟಿ ಅಂಟಿಸಿಕೊಂಡು ಚೀಲ ಅಲ್ಲೇ ಉಳಿದಿತ್ತು, ಅಕ್ಕಪಕ್ಕದವರೆಲ್ಲ ನೋಡಿದ್ದರು. ಭುವನ್ ಆ ಚೀಲವನ್ನು ಮನೆಯೊಳಗೆ ತಂದು, ಬಾಗಿಲು ಹಾಕಿ, ಅಂಗೈಯಿಂದ ಅವಳ ಕಿವಿಯ ಮೇಲೆ ಬಾರಿಸಿದ. ಅಡುಗೆಮನೆಯಲ್ಲಿ ಏನೋ ಬಿತ್ತು ಎಂದುಕೊಂಡು ಅವಳು ಆ ಕಡೆ ತಿರುಗಿ ನೋಡಿದಳು.

ಶಿನಾಗಾವಾದ ಆಫೀಸಿನಲ್ಲಿ ‘ಭುವನ್-ಸಾನ್’ ಎಂದರೆ ಮೆತ್ತನೆಯ ಮಾತಿನ ಮನುಷ್ಯ. ಮನೆಯಲ್ಲಿಯೂ ಎಚ್ಚರದವನೇ. ಹೊಡೆದರೆ ತೋಳಿನ ಬಟ್ಟೆ ಮುಚ್ಚುವಲ್ಲಿ ಹೊಡೆಯುತ್ತಿದ್ದ. ಗೋಡೆಗಳು ತೆಳು ಎಂದು ಗೊತ್ತಿದ್ದುದರಿಂದ ಮೊದಲು ರಿಮೋಟ್ ಎತ್ತಿಕೊಂಡು ಟಿವಿಯ ಸದ್ದು ಏರಿಸುತ್ತಿದ್ದ. ಮನೆಯಿಂದ ಕೆಲಸ ಮಾಡುವ ದಿನಗಳಲ್ಲಿ ಟಿವಿಯಲ್ಲಿ ಇರುತ್ತಿದ್ದುದು ಅವಳ ಚಾನೆಲ್ಲೇ. ಸಚಿವರು ನೆರೆದೇಶದ ನಡವಳಿಕೆಗೆ ವಿಷಾದ ವ್ಯಕ್ತಪಡಿಸುತ್ತಿರುವಾಗ ಅವಳ ಬೆನ್ನಿಗೆ ಬೆಲ್ಟು ಬೀಳುತ್ತಿತ್ತು. ಇನ್ನೊಂದು ದೇಶದ ಆಂತರಿಕ ವಿಷಯದಲ್ಲಿ ತಲೆಹಾಕುವುದಿಲ್ಲ ಎಂದು ಅವರು ಹೇಳಿದ ದಿನ ಭುವನ್ ಅವಳ ಕಿರುಬೆರಳನ್ನು ಹಿಂದಕ್ಕೆ ತಿರುಚಿದ. ಲಟಕ್ ಎಂದಿತು. ಆ ಬೆರಳು ಸೊಟ್ಟಗೇ ಕೂಡಿಕೊಂಡಿತು, ಆ ವಾಕ್ಯವೂ ಮರೆಯದಂತೆ ಉಳಿಯಿತು.

ಊರಿಗೆ ಹೋಗುತ್ತೇನೆ ಎಂದು ಒಮ್ಮೆ ಹೇಳಿದ್ದಳು. "ಹೋಗು, ಯಾರು ಬೇಡ ಅಂದ್ರು? ಮಗು ಮಾತ್ರ ಇಲ್ಲೇ ಇರತ್ತೆ. ನಿನ್ ಮಾತನ್ನ ಇಲ್ಲಿ ಯಾರೇ ಕೇಳ್ತಾರೆ? ವೀಸಾ ನಂದು, ಮನೆ ನಂದು" ಅಂದ. ಅದಾದ ಮೇಲೆ ಅವಳು ಆ ಮಾತೆತ್ತಲಿಲ್ಲ. ಹರ್ಷಿಣಿ ಹತ್ತಿರ ಬರದಿದ್ದರೆ ಸಾಕು, ಏಟೆಲ್ಲ ತನ್ನ ಮೇಲೇ ಮುಗಿದರೆ ಸಾಕು ಎಂದುಕೊಂಡು ದಿನ ನೂಕಿದಳು.

ಚಳಿಗಾಲದ ಒಂದು ಮಧ್ಯಾಹ್ನ ಕೆಳಗಿನ ಮನೆಯವರು ಪೊಲೀಸರಿಗೆ ಫೋನ್ ಮಾಡಿದರು. ಇಬ್ಬರು ಎಳೆಯ ಪೇದೆಗಳು ಬಂದು ಬಾಗಿಲಲ್ಲಿ ಬಾಗಿ ನಿಂತರು. ಭುವನ್ ಅವರಿಗಿಂತ ಹೆಚ್ಚು ಬಾಗಿದ. ಅವರಲ್ಲೊಬ್ಬ ಅವನ ಭುಜದ ಆಚೆಯಿಂದ ಅವಳನ್ನು ಕೇಳಿದ: "ನಿಮ್ಮ ಯಜಮಾನರು ನಿಮ್ಮ ಮೇಲೆ ಕೈ ಮಾಡಿದರೇ?"

ಕೆನ್ನೆಯ ಒಳಗೆ ಹಲ್ಲು ತಾಗಿ ಬಾಯಿ ತುಂಬ ರಕ್ತವಿತ್ತು. ಶೈಲಜಾ ಅದನ್ನು ನುಂಗಿದಳು. ನುಂಗಿದ ಮೇಲೆ ಬಾಯಿಂದ ಹೊರಟದ್ದು ಇದು: "ಪ್ರತ್ಯೇಕ ಪ್ರಕರಣಗಳ ಬಗ್ಗೆ ಉತ್ತರಿಸಲು ಬಯಸುವುದಿಲ್ಲ. ಇದು ಆಂತರಿಕ ವಿಷಯ. ಪರಿಸ್ಥಿತಿಯನ್ನು ಸೂಕ್ಷ್ಮವಾಗಿ ಗಮನಿಸುತ್ತಿದ್ದೇವೆ."

ಪೇದೆಗಳು ಮುಖ ಮುಖ ನೋಡಿಕೊಂಡರು. ನಗೆ ತಡೆದು ಒಬ್ಬನ ತುಟಿ ಅದುರಿತು. "ನಿಮ್ಮ ಜಪಾನಿ ಬಹಳ ಚೆನ್ನಾಗಿದೆ" ಎಂದು ಹೊಗಳಿ, ಟಿವಿ ಸದ್ದು ಸ್ವಲ್ಪ ಕಡಿಮೆ ಇರಲಿ ಎಂದು ಹೇಳಿ ಹೋದರು. ‘ಹೊಡೆದರು’ ಎನ್ನುವುದಕ್ಕೆ ಅವಳಿಗೆ ಪದ ಗೊತ್ತಿಲ್ಲದೆ ಇರಲಿಲ್ಲ. ಸಚಿವರು ಮಾತ್ರ ಆ ಪದವನ್ನು ಎಂದೂ ಬಳಸಿರಲಿಲ್ಲ.

ಬಾಗಿಲು ಹಾಕಿದ್ದೇ ಭುವನ್ ಗಹಗಹಿಸಿದ. "ಸೂಪರ್ ಕಣೇ! ನಮ್ಮ ಆಫೀಸಲ್ಲೇ ಯಾರ್ಗೂ ಬರಲ್ಲ ಇಂಥ ಜಪಾನೀಸು!" ಅಂದು ಅವನೇ ಕಾಫಿ ಮಾಡಿ ಕೊಟ್ಟ. ಕೋಣೆಯ ಬಾಗಿಲ ಸಂದಿಯಿಂದ ಹರ್ಷಿಣಿ ಎಲ್ಲವನ್ನೂ ನೋಡುತ್ತಿದ್ದಳು. ಮರುದಿನ ಅವನ ನಗೆ ಆರಿತ್ತು. ಕೆಳಗಿನವರಿಗೆ ಕೇಳುವ ಹಾಗೆ ಕೂಗಿದ್ದು ಯಾಕೆ ಎಂದು ಅನ್ನದ ಕುಕ್ಕರಿನ ಒಳಪಾತ್ರೆ ತೆಗೆದು ಅವಳ ಭುಜಕ್ಕೆ ಹೊಡೆದ. ಪಾತ್ರೆ ನಗ್ಗಿತು. ಆಮೇಲೆಯೂ ಅದರಲ್ಲೇ ಅನ್ನವಾಗುತ್ತಿತ್ತು, ನಗ್ಗಿದ ಕಡೆ ಸ್ವಲ್ಪ ಸೀಯುತ್ತಿತ್ತು.

ಫೆಬ್ರವರಿಯಲ್ಲಿ ಶಾಲೆಯಿಂದ ಕರೆ ಬಂತು. ಹರ್ಷಿಣಿ ಆಗ ಎರಡನೇ ತರಗತಿ. ಅವಳ ಟೀಚರ್ ಮಿಯಾಶಿತಾ-ಸಾನ್, ಶೈಲಜಾಳನ್ನು ಮಕ್ಕಳ ಪುಟ್ಟ ಕುರ್ಚಿಯಲ್ಲಿ ಕೂರಿಸಿ ತಾವೂ ಅಂಥದೇ ಒಂದರಲ್ಲಿ ಕುಳಿತರು.

"ಆಟದ ಬಟ್ಟೆ ಹಾಕಿಕೊಳ್ಳುವಾಗ ಹರ್ಷಿಣಿಯ ತೋಳು ನೋಡಿದೆ. ಬೆರಳಿನ ಗುರುತು, ನಾಲ್ಕೂ ಮೂಡಿದೆ. ಏನಾಯಿತು ಎಂದು ಕೇಳಿದೆ. ಎದ್ದು ನಿಂತು, ಕೈ ಮುಂದೆ ಕಟ್ಟಿಕೊಂಡು, ‘ಪ್ರತ್ಯೇಕ ಪ್ರಕರಣಗಳ ಬಗ್ಗೆ ಉತ್ತರಿಸಲು ಬಯಸುವುದಿಲ್ಲ’ ಅಂದಳು." ಮಿಯಾಶಿತಾ-ಸಾನ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ನಾನು ಇದನ್ನು ಹೇಳಿದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಹೋದ ಮೇಲೆ ಊಟ ಸೇರಲಿಲ್ಲ."

ಶೈಲಜಾಳಿಗೆ ಆ ಗುರುತಿನ ವಿಷಯವೇ ಗೊತ್ತಿರಲಿಲ್ಲ. ಹಿಂದಿನ ವಾರ ಸಿಂಕಿನ ಹತ್ತಿರ ತಲೆಗೆ ಏಟು ಬಿದ್ದು ಅವಳಿಗೆ ಕಣ್ಣು ಕತ್ತಲಿಟ್ಟಿತ್ತು. ಆಗ ಮಗು ನಡುವೆ ಬಂದಿರಬೇಕು. ಬಂದದ್ದನ್ನು ಮಗು ಹೇಳಿರಲಿಲ್ಲ.

"ಮಕ್ಕಳ ರಕ್ಷಣೆಯವರಿಗೆ ನಾನು ತಿಳಿಸಲೇಬೇಕಾಗುತ್ತದೆ. ಅದಕ್ಕೆ ಮೊದಲು ತಾಯಿಯನ್ನು ಕೇಳುತ್ತಿದ್ದೇನೆ. ಮನೆಯಲ್ಲಿ ಏನು ನಡೆಯುತ್ತಿದೆ?"

"ವಾಸ್ತವಾಂಶಗಳನ್ನು ಪರಿಶೀಲಿಸುತ್ತಿದ್ದೇವೆ" ಎಂದಿತು ಶೈಲಜಾಳ ಬಾಯಿ. ಬಾಗಿ ನಮಸ್ಕರಿಸಿ ಎದ್ದುಬಂದಳು.

ಎದೊ ನದಿಯ ದಂಡೆಯ ಮೇಲೆ ತಾಯಿ ಮಗಳು ನಡೆದು ಬಂದರು. ಗಾಳಿ ಕಿವಿ ಕೊಯ್ಯುತ್ತಿತ್ತು.

"ಪುಟ್ಟಿ, ಟೀಚರ್‌ಗೆ ಯಾಕಮ್ಮ ಹಾಗಂದೆ?"

"ಯು ಸೆಡ್ ಇಟ್, ಅಮ್ಮ. ಟು ದ ಪೊಲೀಸ್. ಅಂಡ್ ದೇ ವೆಂಟ್ ಅವೇ."

"ಪಪ್ಪ ಹಿಡ್ಕೊಂಡಾಗ ತುಂಬ ನೋವಾಯ್ತಾ?"

ಹರ್ಷಿಣಿ ಬೂಟಿನ ತುದಿಯಿಂದ ಕಲ್ಲೊಂದನ್ನು ಒದ್ದಳು. ಆಮೇಲೆ ಗಂಟಲು ದಪ್ಪ ಮಾಡಿ, ಜಪಾನಿಯಲ್ಲಿ, "ಕಾಲ್ಪನಿಕ ಪ್ರಶ್ನೆಗಳಿಗೆ ಉತ್ತರಿಸಲಾಗುವುದಿಲ್ಲ" ಎಂದು, ಅಮ್ಮ ನಗುತ್ತಾಳೋ ಎಂದು ಓರೆಗಣ್ಣಿನಲ್ಲಿ ನೋಡಿದಳು. ಪ್ರತಿ ಸಲ ನಗುವ ಅಮ್ಮ ಈ ಸಲ ನಗಲಿಲ್ಲ.

ಮರುದಿನ ಜ್ವರ ಹಬ್ಬಿದೆ ಎಂದು ಹರ್ಷಿಣಿಯ ತರಗತಿಗೆ ರಜೆ ಕೊಟ್ಟಿದ್ದರು. ಭುವನ್ ಕೂಡ ಮನೆಯಲ್ಲೇ ಇದ್ದ, ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ. ಶೈಲಜಾ ಟಿವಿ ಹಾಕಿ ಬೀನ್ಸ್ ಹೆಚ್ಚುತ್ತಿದ್ದಳು. ಸಚಿವರು ತಮ್ಮ ಜಾಗದಲ್ಲಿದ್ದರು. ಅವರ ಎದುರಿಗೆ ವಿರೋಧ ಪಕ್ಷದ ಸದಸ್ಯೆಯೊಬ್ಬಳು, ಕೂದಲು ಕೆದರಿದವಳು, ಯಾವುದೋ ದೇಶದ ಜೈಲಿನಲ್ಲಿ ಇಟ್ಟಿರುವ ಜಪಾನಿನ ಪ್ರಜೆಯೊಬ್ಬನ ಬಗ್ಗೆ ಕೇಳುತ್ತಿದ್ದಳು.

"ಸಚಿವರೇ, ಅವನನ್ನು ಅಲ್ಲಿ ಹೊಡೆದರೋ ಇಲ್ಲವೋ? ‘ಹಾಇ’ ಅಥವಾ ‘ಈಯೆ’, ಹೌದು ಅಥವಾ ಇಲ್ಲ, ಒಂದು ಹೇಳಿ."

ಶೈಲಜಾಳ ಚಾಕು ನಿಂತಿತು. ಸಂಸತ್ತಿನ ಆ ಕೋಣೆಯಲ್ಲಿ ‘ಹೊಡೆದರು’ ಎಂಬ ಪದವನ್ನು ಅವಳು ಕೇಳಿದ್ದು ಅದೇ ಮೊದಲ ಸಲ. ಸಚಿವರು ನಿಧಾನವಾಗಿ ಎದ್ದು ಬಂದು, ಪ್ರತ್ಯೇಕ ಪ್ರಕರಣಗಳ ಬಗ್ಗೆ ಉತ್ತರಿಸಲು ಬಯಸುವುದಿಲ್ಲ ಎಂದರು. ಆಕೆ ಮತ್ತೆ ಕೇಳಿದಳು. ಅವರು ಮತ್ತೆ ಅದನ್ನೇ ಹೇಳಿದರು. ಮತ್ತೆ ಕೇಳಿದಳು. ಹಿಂದಿನ ಸಾಲಿನವರು ಕೂಗತೊಡಗಿದರು, ಕೆಲವರು ಎದ್ದು ಅಧ್ಯಕ್ಷರ ಮೇಜಿನ ಮೇಲೆ ಮುಗಿಬಿದ್ದರು.

ಭುವನ್ ಫೋನ್ ಹಿಡಿದುಕೊಂಡೇ ಹೊರಗೆ ಬಂದ. "ಸ್ಕೂಲಿಂದ ಕಾಲ್ ಬಂದಿತ್ತು. ನಿನ್ನೆ ಅಲ್ಲಿಗೆ ಹೋಗಿ ಏನೇ ಹೇಳ್ದೆ?"

"ನಾನೇನೂ ಹೇಳ್ಲಿಲ್ಲ ರೀ."

"ನೀನು ಹೇಳ್ಲಿಲ್ಲ ಅಂದ್ರೆ ಇವ್ಳು ಹೇಳಿರ್ಬೇಕು. ಹರ್ಷಿಣಿ! ಕಮ್ ಹಿಯರ್!"

ಮಗು ಬಂದು, ಕೈ ಮುಂದೆ ಕಟ್ಟಿಕೊಂಡು ನಿಂತಿತು. ಭುವನ್ ರಿಮೋಟ್ ಎತ್ತಿದ. ಸಂಸತ್ತಿನ ಗದ್ದಲ ತೂಬು ಕಿತ್ತ ಕೆರೆಯ ಹಾಗೆ ಮನೆಯೊಳಗೆ ನುಗ್ಗಿತು. ಅಡ್ಡ ಬಂದ ಶೈಲಜಾಳ ಜುಟ್ಟು ಹಿಡಿದು ಅವನು ಫ್ರಿಜ್ಜಿನ ಬಾಗಿಲಿಗೆ ಅಪ್ಪಳಿಸಿದ, ಮತ್ತೆ ಅಪ್ಪಳಿಸಿದ. ಹರ್ಷಿಣಿ ಬರೆದ ಚಿತ್ರ, ಅದನ್ನು ಹಿಡಿದಿದ್ದ ಅಯಸ್ಕಾಂತದ ಹಣ್ಣುಗಳು ಉದುರಿದವು. ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯಿತು. ಅವಳು ಜಾರಿ ನೆಲಕ್ಕೆ ಕುಸಿದಳು. ಒಂದೇ ಕಣ್ಣಿನಲ್ಲಿ ಕಂಡದ್ದು, ಅವನು ಮಗುವಿನ ತೋಳು ಹಿಡಿದದ್ದು. ಹಳೆಯ ಗುರುತಿನ ಮೇಲೆ ಅವೇ ಬೆರಳು ಸರಿಯಾಗಿ ಕೂತಿದ್ದವು. ಮಗುವಿನ ಬಾಯಿ ತೆರೆದಿತ್ತು. ಚೀರುತ್ತಿತ್ತೋ ಏನೋ, ಸಚಿವರ ದನಿಯ ಕೆಳಗೆ ಏನೂ ಕೇಳಿಸಲಿಲ್ಲ.

ಶೈಲಜಾ ತೆವಳಿದಳು. ಟಿವಿಯ ಹಿಂದೆ ಕೈ ಹಾಕಿ ವಯರು ಹಿಡಿದು ಎಳೆದಳು.

ಮನೆ ಒಮ್ಮೆಲೇ ಮೌನವಾಯಿತು. ಆ ಮೌನದಲ್ಲಿ ಭುವನ್‌ನ ಕೂಗು ಒಂದೇ ಬೆತ್ತಲೆಯಾಗಿ ಉಳಿಯಿತು: "ಹೇಳೇ! ಕೊಂದ್‌ಹಾಕ್ಬಿಡ್ತೀನಿ ಇಬ್ರನ್ನೂ!"

ತನ್ನ ದನಿಗೆ ತಾನೇ ಬೆಚ್ಚಿದವನಂತೆ ಅವನು ತಿರುಗಿ ಟಿವಿ ನೋಡಿದ.

"ಬಿಡೋ ಅವಳನ್ನ!" ಶೈಲಜಾ ಕಿರುಚಿದಳು. ಮದುವೆಯಾದಂದಿನಿಂದ ‘ರೀ’ ಅಲ್ಲದೆ ಬೇರೆ ಕರೆಯದವಳು. "ಬಿಡೋ ಪಾಪಿ! ನನ್ನ ಮಗೂನ ಬಿಡೋ!"

ಅವನು ಮಗುವನ್ನು ಬಿಟ್ಟು ಇವಳ ಪಕ್ಕೆಗೆ ಒದ್ದ. ಒದ್ದಷ್ಟೂ ಕಿರುಚಿದಳು. ಉಸಿರು ಸಿಕ್ಕಿದಾಗಲೆಲ್ಲ ಕಿರುಚಿದಳು. ಮೇಲಿನ ಮನೆಯಲ್ಲಿ ಕುರ್ಚಿ ಎಳೆದ ಸದ್ದಾಯಿತು, ಕೆಳಗೆ ಬಾಗಿಲು ತೆರೆಯಿತು, ಮೆಟ್ಟಿಲ ಮೇಲೆ ಯಾರೋ ಓಡಿದರು.

ಈ ಸಲ ಪೇದೆಗಳ ಜೊತೆ ಒಬ್ಬ ಹೆಂಗಸು ಬಂದಳು, ನಡುವಯಸ್ಸಿನ ಪೊಲೀಸಧಿಕಾರಿ, ಕುವಾಬಾರಾ-ಸಾನ್. ಅಷ್ಟರಲ್ಲಿ ಭುವನ್ ಕೂದಲು ಸರಿಮಾಡಿಕೊಂಡಿದ್ದ. "ಸುಮಿಮಾಸೆನ್. ಗಂಡ ಹೆಂಡಿರ ಮಾತು, ಸ್ವಲ್ಪ ಜೋರಾಯಿತು" ಎಂದು ಬಾಗಿದ. ಆಕೆ ಅವನನ್ನು ಪೇದೆಗಳ ಜೊತೆ ಹೊರಗಿನ ಪಡಸಾಲೆಗೆ ಕಳಿಸಿ ಬಾಗಿಲು ಎಳೆದಳು. ಬೂಟು ಬಿಚ್ಚಿ ಒಳಗೆ ಬಂದು, ಉದುರಿದ ಬೀನ್ಸಿನ ನಡುವೆ ನೆಲದ ಮೇಲೇ ಕೂತಳು. ಒಂದು ಟವೆಲ್ ಎಳೆದುಕೊಂಡು ಶೈಲಜಾಳ ಹುಬ್ಬಿಗೆ ಒತ್ತಿ ಹಿಡಿದಳು.

"ಗಂಡ ನಿಮ್ಮನ್ನು ಹೊಡೆದರೇ?"

ಸಚಿವರ ಸಾಲುಗಳು ತಾವಾಗಿಯೇ ಎದ್ದು ಬಂದವು, ಇಸ್ತ್ರಿ ಮಾಡಿದ ಕೋಟು ತೊಟ್ಟು. "ಪ್ರತ್ಯೇಕ..." ಎಂದಳು ಶೈಲಜಾ.

ಎದುರಿಗೆ ಗೋಡೆಗೆ ಒತ್ತಿಕೊಂಡು ಹರ್ಷಿಣಿ ನಿಂತಿದ್ದಳು. ಅವಳ ತುಟಿ ಆಗಲೇ ಅಲುಗುತ್ತಿತ್ತು. ಅಮ್ಮ ಇನ್ನೂ ಆಡದ ಉಳಿದ ವಾಕ್ಯವನ್ನು ಸದ್ದಿಲ್ಲದೆ, ಒಂದು ಅಕ್ಷರ ತಪ್ಪದೆ, ಅವಳು ಮುಂದುವರಿಸುತ್ತಿದ್ದಳು.

ಶೈಲಜಾ ಆ ತುಟಿಗಳನ್ನೇ ನೋಡಿದಳು. ಟಿವಿಯ ವಯರು ಇನ್ನೂ ಅವಳ ಕೈಯಲ್ಲಿತ್ತು.

ಕುವಾಬಾರಾ-ಸಾನ್ ಮತ್ತೆ ಕೇಳಿದಳು. "ಹೊಡೆದರೇ?"

"ಹಾಇ" ಎಂದಳು ಶೈಲಜಾ.

ಮಗುವಿನ ತುಟಿ ನಿಂತಿತು.

"ಇವತ್ತು ಮಾತ್ರವೇ?"

"ಈಯೆ."

ಕುವಾಬಾರಾ-ಸಾನ್ ತಲೆಯಾಡಿಸಿ, ಕೂತಲ್ಲಿಂದಲೇ ಹರ್ಷಿಣಿಯ ಕಡೆ ತಿರುಗಿದಳು. "ನಿನ್ನನ್ನೂ ಹೊಡೆದರಾ, ಮಗು?"

ಹರ್ಷಿಣಿ ಅಮ್ಮನ ಮುಖ ನೋಡಿದಳು. ಆಮೇಲೆ, ಬೆಳಿಗ್ಗೆ ಶಾಲೆಯಲ್ಲಿ ಹಾಜರಿ ಕೂಗಿದಾಗ ಎತ್ತುವ ಹಾಗೆ ಬಲಗೈ ಎತ್ತಹೋದಳು. ಅದು ಭುಜದ ತನಕವೂ ಏರಲಿಲ್ಲ. ಅದನ್ನು ಇಳಿಸಿ ಎಡಗೈ ಎತ್ತಿದಳು.

"ಹಾಇ."