ಸರದಿಯಲ್ಲಿ ಏಳನೆಯವರು

ಅವನನ್ನು ಎಲ್ಲರೂ ಲಿಫ್ಟಣ್ಣ ಅಂತಲೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಕೆಟ್ಟ ಲಿಫ್ಟು ರಿಪೇರಿ ಮಾಡಿಕೊಂಡು ಬಂದವನನ್ನು ಇನ್ನೇನಂತ ಕರೆದಾರು? ಕೋಪ ಮೂಗಿನ ತುದಿಯಲ್ಲೇ. ಮೂಗು ಒರೆಸಿಕೊಂಡರೂ ಉದುರುತ್ತೆ ಅನ್ನುತ್ತಿದ್ದಳು ಹೆಂಡತಿ. ಆದರೆ ಎರಡು ಮಹಡಿಗಳ ನಡುವೆ ಜನ ಸಿಕ್ಕಿಕೊಂಡ ಕಡೆ ಅವನು ಬೇರೆಯೇ ಮನುಷ್ಯ. ಕೆಲಸ ಕಲಿಸಿದ ಮೇಸ್ತ್ರಿ ಕಿವಿ ಹಿಂಡಿ ಹೇಳಿಕೊಟ್ಟಿದ್ದ: “ಮೊದಲೇ ಬಾಗಿಲು ಎಳೀಬೇಡ. ಕರೆಂಟ್ ತೆಗಿ. ಸಂದಿಗೆ ಬಾಯಿಟ್ಟು ನೀನ್ಯಾರು ಅಂತ ಹೇಳು, ಒಳಗೆ ಎಷ್ಟು ಜನ ಅಂತ ಕೇಳು. ಹೊರಗೆ ತರೋ ತನಕ ಮಾತು ನಿಲ್ಲಿಸಬೇಡ. ನೀನು ಅವಸರ ಮಾಡಿದ್ರೆ ಒಳಗಿರೋನೂ ಅವಸರ ಮಾಡ್ತಾನೆ, ಹಾರಕ್ಕೆ ನೋಡ್ತಾನೆ. ಕೆಳಗೆ ಗುಂಡಿ ಇರುತ್ತೆ.”

ಆ ಸೋಮವಾರ ಬೆಳಗ್ಗೆ ಅವನು ಷರ್ಟು ಹಾಕಿಕೊಳ್ಳುತ್ತಿದ್ದಾಗ ಹೆಂಡತಿ ಒಂದು ಕೈಗಡಿಯಾರ, ಒಂದು ಸೈಕಲ್ ಕೀಲಿ ತಂದು ಅವನ ಮುಂದೆ ಇಟ್ಟಳು. ಎರಡೂ ಅವನ ತಮ್ಮನವು.

“ಇದೇನು?”

“‘ಇನ್ನು ನನಗೆ ಬೇಡ ಅತ್ತಿಗೆ, ನೀವಿಟ್ಕೊಳ್ಳಿ’ ಅಂದ. ನನಗೆ ಕೈಕಾಲು ಆಡ್ತಿಲ್ಲ ರೀ.”

ತಮ್ಮ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬೈಂಡರ್. ಮೂರು ತಿಂಗಳಿಂದ ಕೆಲಸಕ್ಕೆ ಹೋಗಿರಲಿಲ್ಲ. ಸ್ನಾನ ಇಲ್ಲ, ಮಾತಿಲ್ಲ, ಗೋಡೆ ಕಡೆ ಮುಖ ಮಾಡಿ ಮಲಗುವುದು. ಸೋಮಾರಿತನ ಅಂತ ಲಿಫ್ಟಣ್ಣ ಎರಡು ತಿಂಗಳು ಬೈದಿದ್ದ. ಮೂರನೆಯ ತಿಂಗಳು ಬೈಯಲೂ ಹೆದರಿದ್ದ. ಈಗ ಆ ಗಡಿಯಾರ ನೋಡಿದವನು ಷರ್ಟಿನ ಉಳಿದ ಗುಂಡಿಗಳನ್ನೂ ಹಾಕಿಕೊಳ್ಳಲಿಲ್ಲ. “ಅವನ ಹತ್ರಾನೇ ಇರು, ಡಾಕ್ಟ್ರನ್ನ ಹಿಡ್ಕೊಂಡೇ ಬರ್ತೀನಿ” ಅಂತ ಸ್ಕೂಟರ್ ಒದ್ದ.

ದೊಡ್ಡಾಸ್ಪತ್ರೆಯ ಚೀಟಿ ಕೊಡುವ ಕಿಟಕಿಯಲ್ಲಿ ಮುಕ್ಕಾಲು ಗಂಟೆ ನಿಂತ ಮೇಲೆ ಒಳಗಿನ ಹೆಂಗಸು ತಲೆ ಎತ್ತದೆ ಕೇಳಿದಳು, “ರೋಗಿ ಎಲ್ಲಿ?”

“ಮನೇಲಿ. ಮನಸ್ಸು ಸರಿ ಇಲ್ಲ, ಹಾಸಿಗೆ ಬಿಟ್ಟು ಏಳಲ್ಲ.”

“ಕರ್ಕೊಂಡು ಬನ್ನಿ.”

“ಎದ್ದು ಬರೋ ಹಾಗಿದ್ರೆ ನಾನ್ಯಾಕಮ್ಮ ಇಲ್ಲಿ ಬಂದು ನಿಲ್ತಿದ್ದೆ?”

“ಮನೋವೈದ್ಯರು ಬುಧವಾರ, ಶನಿವಾರ ಮಾತ್ರ. ಇವತ್ತು ಸೋಮವಾರ.”

“ಹುಚ್ಚಿಗೂ ವಾರದ ರಜಾ ಉಂಟಾ?”

“ಹುಚ್ಚು ಅನ್ನಬೇಡಿ ಸಾರ್, ತಪ್ಪು.” ಆಗ ಮಾತ್ರ ಅವಳು ತಲೆ ಎತ್ತಿದಳು. “ಅಲ್ಲಿ ಗೋಡೆ ಮೇಲೆ ಸಹಾಯವಾಣಿ ನಂಬರ್ ಇದೆ, ಫೋನ್ ಮಾಡಿ. ಮುಂದಿನವರು!”

ಗೋಡೆಯ ಮೇಲೆ ‘ನೀವು ಒಂಟಿಯಲ್ಲ’ ಅನ್ನುವ ಪೋಸ್ಟರ್ ಇತ್ತು. ನಗುವ ಮುಖವೂ ಇತ್ತು, ನಂಬರೂ ಇತ್ತು. ಕೊನೆಯ ಎರಡು ಅಂಕಿಗಳ ಮೇಲೆ ಮಾತ್ರ ‘ಇಲ್ಲಿ ಉಗುಳಬಾರದು’ ಅಂತ ಯಾರೋ ಪುಣ್ಯಾತ್ಮರು ಚೀಟಿ ಅಂಟಿಸಿದ್ದರು. ಲಿಫ್ಟಣ್ಣ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಕೆರೆಯತೊಡಗಿದ. ವಾಚ್‌ಮನ್ ಓಡಿ ಬಂದ.

“ಏಯ್, ಗೋಡೆ ಯಾಕಯ್ಯಾ ಕೆರೀತೀಯಾ?”

“ಒಂಟಿಯಲ್ಲ ಅಂತ ಬರೆದಿದ್ದಾರಲ್ಲ, ಜೊತೆಗೆ ಯಾರಿದ್ದಾರೆ ಅಂತ ಹುಡುಕ್ತಿದೀನಿ!”

ಆಸ್ಪತ್ರೆಯ ಅಂಗಳದಲ್ಲಿ ನಿಂತು ನಂಬರ್ ಒತ್ತಿದ. ಪೀಪಿ ಊದಿದಂಥ ಸಂಗೀತ. ಆಮೇಲೆ ಸಕ್ಕರೆಯಂಥ ದನಿ: “ನಿಮ್ಮ ಕರೆ ನಮಗೆ ಅಮೂಲ್ಯ. ನೀವು ಸರದಿಯಲ್ಲಿ ಏಳನೆಯವರು.” ಮತ್ತೆ ಪೀಪಿ. ಆರು, ಐದು, ನಾಲ್ಕು. ಇಪ್ಪತ್ತೈದು ನಿಮಿಷ ಕಳೆದು ನಾಲ್ಕರಲ್ಲೇ ಲೈನು ಸತ್ತಿತು. ‘ಶೀಘ್ರದಲ್ಲೇ ನಾವೇ ಕರೆ ಮಾಡುತ್ತೇವೆ’ ಅಂತ ಮೆಸೇಜು ಬಂತು. ಅದರ ಹಿಂದೆಯೇ ಅಕ್ಕನ ಫೋನು. ಹೆಂಡತಿ ಅವಳಿಗೂ ಸುದ್ದಿ ಮುಟ್ಟಿಸಿದ್ದಳು.

“ಅವನಿಗೊಂದು ಮದುವೆ ಮಾಡೋ, ಎಲ್ಲಾ ಸರಿ ಹೋಗುತ್ತೆ.”

“ಮುಳುಗ್ತಿರೋನ ಕೊರಳಿಗೆ ಇನ್ನೊಬ್ಬಳನ್ನ ಕಟ್ಟಬೇಕಾ ಅಕ್ಕ? ಇಡು ಫೋನು. ಲೈನ್ ಖಾಲಿ ಇರಬೇಕು.”

ಮನೆಯ ಮುಂದೆ ಸ್ಕೂಟರ್ ನಿಲ್ಲಿಸುತ್ತಿದ್ದ ಹಾಗೆ ಫೋನ್ ರಿಂಗಾಯಿತು. ಗೊತ್ತಿಲ್ಲದ ನಂಬರ್. ದಿನಕ್ಕೆ ಮೂವತ್ತು ಬಾರಿ ಗೊತ್ತಿಲ್ಲದ ನಂಬರಿಗೆ ಓಗೊಡುವ ನಾಲಿಗೆ. ಮನಸ್ಸು ಎಚ್ಚರಾಗುವ ಮೊದಲೇ ಅದು ತನ್ನ ಪಾಠ ಒಪ್ಪಿಸಿಬಿಟ್ಟಿತು. “ಲಿಫ್ಟ್ ಸರ್ವಿಸ್. ಯಾವ ಬಿಲ್ಡಿಂಗು?”

ಆ ಕಡೆ ಹೆಣ್ಣುದನಿ ಒಂದು ಕ್ಷಣ ತಡವರಿಸಿತು. “ಸಹಾಯವಾಣಿಯಿಂದ ಮಾಡಿದ್ದೆ. ಕ್ಷಮಿಸಿ, ನಂಬರ್ ತಪ್ಪಾಯ್ತು.”

“ಅಮ್ಮಾ! ತಾಯೀ! ಇಡಬೇಡಿ!”

ಇಟ್ಟಾಗಿತ್ತು. ವಾಪಸ್ ಮಾಡಿದರೆ, ಈ ಸಂಖ್ಯೆಗೆ ಒಳಬರುವ ಕರೆಗಳ ಸೌಲಭ್ಯ ಇಲ್ಲವಂತೆ. ಇಡೀ ಬೆಳಗ್ಗೆ ಕಾದು ಕೈಗೆ ಬಂದ ತುತ್ತನ್ನು ತನ್ನ ಬಾಯೇ ಉಗುಳಿತ್ತು. ಆ ಸಿಟ್ಟನ್ನು ಸುರಿಯಲು ಬೇರೆ ಜಾಗ ಸಿಗದೆ ಅವನು ನೇರ ಹೋಗಿ ತಮ್ಮನ ಕೋಣೆಯ ಬಾಗಿಲಿಗೆ ಗುದ್ದಿದ.

“ಎದ್ದು ಬಾರೋ ಹೊರಗೆ! ನಿನಗೋಸ್ಕರ ನಾಯಿ ಅಲೆದ ಹಂಗೆ ಅಲೀತಿದೀನಿ! ಏನೋ ಕಮ್ಮಿಯಾಗಿದೆ ನಿನಗೆ?”

ಬಾಗಿಲು ಬರೀ ಮುಂದಕ್ಕೆ ಎಳೆದಿತ್ತು, ಅಷ್ಟೆ. ಕೂಗು ನಿಂತ ಮೇಲೆ ಒಳಗೆ ಹೆಜ್ಜೆ ಸದ್ದಾಯಿತು. ಚಿಲಕ ಬಿತ್ತು.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. “ನೀರು ತರೋಕೆ ಈಗಷ್ಟೇ ಈಚೆ ಬಂದೆ. ಬೆಳಗ್ಗೆಯಿಂದ ಆ ಚಿಲಕ ಹಾಕಿರಲಿಲ್ಲ ಅವನು. ಲಿಫ್ಟಲ್ಲಿ ಸಿಕ್ಕೊಂಡೋರ ಮೇಲೂ ಹಿಂಗೇ ಕೂಗ್ತೀರಾ?”

ಆ ಚಿಲಕ ಕಿತ್ತು ಹಾಕುವುದಕ್ಕೆ ಅವನಿಗೆ ಎರಡು ನಿಮಿಷ ಸಾಕಿತ್ತು. ಕೈ ಸ್ಕ್ರೂಡ್ರೈವರಿನ ಮೇಲೆಯೇ ಇತ್ತು. “ಒಳಗೆ ಏನಾದ್ರೂ...?” ಅಂದ.

“ತೆಗೀಬೇಕಾದ್ದನ್ನೆಲ್ಲ ಬೆಳಗ್ಗೇನೇ ತೆಗ್ದಿದೀನಿ. ಕಿಟಕಿಯಿಂದ ನೋಡ್ತಾ ಇರ್ತೀನಿ” ಅಂತ ಅವಳು ಹಿಂಬದಿಗೆ ಓಡಿದಳು. ಅಲ್ಲಿಂದಲೇ, “ಹಾಸಿಗೆ ಮೇಲೆ ಕೂತಿದಾನೆ” ಅಂದಳು.

ಲಿಫ್ಟಣ್ಣ ನೆಲದ ಮೇಲೆ ಕೂತ. ಬಾಗಿಲ ಸಂದಿಗೆ ಬಾಯಿಟ್ಟ. ಅವನಿಗೆ ಗೊತ್ತಿದ್ದದ್ದು ಮೇಸ್ತ್ರಿಯ ಒಂದೇ ಪಾಠ.

“ನಾನು ಕಣೋ, ನಿಮ್ಮಣ್ಣ. ಇಲ್ಲೇ ಕೂತಿದೀನಿ, ಎಲ್ಲೂ ಹೋಗಲ್ಲ. ಒಳಗೆ... ಒಳಗೆ ಎಷ್ಟು ಜನ ಇದೀರಿ?”

ಎಂಥ ಪೆದ್ದು ಪ್ರಶ್ನೆ ಅಂತ ಅವನಿಗೇ ನಾಚಿಕೆಯಾಯಿತು. ಒಳಗಿನಿಂದ ದನಿ ಬಂತು, “ಒಬ್ನೇ ಅಣ್ಣ.”

ಲಿಫ್ಟಣ್ಣ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಮತ್ತೆ ಆ ನಂಬರ್ ಒತ್ತಿದ. ಸ್ಪೀಕರಿಗೆ ಹಾಕಿ ಫೋನನ್ನು ನೆಲದ ಮೇಲಿಟ್ಟ. “ಸರದಿಯಲ್ಲಿ ಒಂಬತ್ತನೆಯವರು” ಅಂದಿತು ಸಕ್ಕರೆ ದನಿ. ಮಾತು ನಿಲ್ಲಿಸಬಾರದಲ್ಲ, ಗೋಡೆ ಕೆರೆದದ್ದು, ವಾಚ್‌ಮನ್, ಲಿಫ್ಟ್ ಸರ್ವಿಸ್ ಅಂದು ಕೆಟ್ಟದ್ದು, ಎಲ್ಲವನ್ನೂ ಸಂದಿಯೊಳಗೆ ಹೇಳುತ್ತಲೇ ಹೋದ. ಅಕ್ಕನ ಮದುವೆ ಮಾತಿಗೆ ಒಳಗಿನಿಂದ ಉಸಿರೊಂದು ಬಂತು. ನಗುವೋ ಬಿಕ್ಕೋ ತಿಳಿಯಲಿಲ್ಲ.

ಈ ಸಲ ಲೈನು ಸಾಯಲಿಲ್ಲ. ಎತ್ತಿದ ಹೆಂಗಸು ಎಲ್ಲ ಕೇಳಿಸಿಕೊಂಡು, “ಸಾಯಬೇಕು ಅನ್ನಿಸ್ತಿದೆಯಾ ಅಂತ ಅವರನ್ನ ನೇರವಾಗಿ ಕೇಳಿದ್ದೀರಾ?” ಅಂದಳು.

“ಅದನ್ನ ಹೆಂಗಮ್ಮ ಕೇಳೋದು? ಇಲ್ಲದ್ದನ್ನ ತಲೆಗೆ ಹಾಕಿದ ಹಾಗಾಗಲ್ವಾ?”

“ಆಗಲ್ಲ. ಕೇಳಿ. ನಾನು ಲೈನಲ್ಲೇ ಇರ್ತೀನಿ.”

ಅವನು ಮತ್ತೆ ಸಂದಿಗೆ ಬಾಯಿಟ್ಟ. ಕೇಳಿದ.

“ದಿನಾ ಅನ್ನಿಸುತ್ತೆ” ಅಂದ ತಮ್ಮ. “ಇವತ್ತು ಬೆಳಗ್ಗೆಯಿಂದ ಜಾಸ್ತಿ.”

“ಅವರನ್ನ ಒಂಟಿ ಬಿಡಬೇಡಿ” ಅಂದಳು ಫೋನಿನ ಹೆಂಗಸು. “ಈಗಲೇ ತುರ್ತು ವಿಭಾಗಕ್ಕೆ ಕರ್ಕೊಂಡು ಹೋಗಿ. ಅದಕ್ಕೆ ಬುಧವಾರ, ಶನಿವಾರ ಏನಿಲ್ಲ.”

“ಬೆಳಗ್ಗೆ ಆ ಕಿಟಕಿಯಲ್ಲಿ ಒಬ್ಬರಾದ್ರೂ ಇದನ್ನ ಹೇಳಬಾರದಿತ್ತಾ?” ಅಂತ ಅವನು ಸಿಡಿದ. ಸಂದಿಯ ನೆನಪಾಗಿ ದನಿ ಇಳಿಸಿದ. “ಬರ್ತೀಯೇನೋ? ನಾನು ಎಳೆಯಲ್ಲ. ನೀನು ತೆಗೆದಾಗ ತೆಗಿ.”

ಇನ್ನೊಂದು ಇಪ್ಪತ್ತು ನಿಮಿಷಕ್ಕೆ ಚಿಲಕ ಸರಿಯಿತು.

ತುರ್ತು ವಿಭಾಗದ ಬಾಗಿಲು ಬೆಳಗ್ಗೆ ನಿಂತಿದ್ದ ಕಿಟಕಿಯಿಂದ ಇಪ್ಪತ್ತೇ ಹೆಜ್ಜೆ. ಎಣಿಸಿ ನೋಡಿದ ಲಿಫ್ಟಣ್ಣನ ಮೈ ಉರಿದು ಹೋಯಿತು. ಒಳಗೂ ಟೋಕನ್ನು, ಒಳಗೂ ಬೆಂಚು. ಒಂದು ಗಂಟೆ ಆದರೂ ಕರೆಯಲಿಲ್ಲ. ತಮ್ಮ ನಡುವೆ, ಈ ಕಡೆ ಅಣ್ಣ, ಆ ಕಡೆ ಅತ್ತಿಗೆ. ಲಿಫ್ಟಣ್ಣ ಎದ್ದು ಜಗಳಕ್ಕೆ ಹೊರಟ.

ತಮ್ಮ ಅವನ ಅಂಗಿಯ ತುದಿ ಹಿಡಿದ. “ಎಷ್ಟನೆಯವರಣ್ಣ ನಾವು?”

“ಹನ್ನೊಂದು! ಈಗ ಬರೀ ಆರು ನಡೀತಿದೆ, ಇವರ...”

“ಕೂತ್ಕೋ” ಅಂದ ತಮ್ಮ. “ಕಾಯ್ತೀನಿ.”