ಸಾವುಕಾರರ ಹೆಸರಿನಲ್ಲಿ ನಾನು ಬರೆದ ಮೇಲ್‌ಗಳು

ನಮ್ಮ ಸಾವುಕಾರರ ಬಾಯಿ ಕೆಟ್ಟದ್ದು. ಇಂಥವರ ಬಗ್ಗೆ ಬಾಯಿ ಕೆಟ್ಟದ್ದಾದರೂ ಮನಸ್ಸು ಒಳ್ಳೆಯದು ಎಂದು ಹೇಳುವುದು ವಾಡಿಕೆ. ನಾನು ಹಾಗೆ ಹೇಳುವುದಿಲ್ಲ. ಒಂಬತ್ತು ವರ್ಷ ಅವರ ಅಂಗಡಿಯಲ್ಲಿ ಕೂತ ನನಗೆ ಕೇಳಿಸಿದ್ದು ಅವರ ಬಾಯಿ ಮಾತ್ರ.

ಗಂಗಾವತಿಯಲ್ಲಿ ಅವರದು ಅಕ್ಕಿ ಗಿರಣಿಗಳ ಬಿಡಿಭಾಗ ಮಾರುವ ಅಂಗಡಿ. ಭತ್ತ ಸುಲಿಯುವ ರಬ್ಬರ್ ರೋಲು, ಜರಡಿ, ಬೆಲ್ಟು, ಬೇರಿಂಗು. ಸುಗ್ಗಿಯಲ್ಲಿ ಶ್ರೀರಾಮನಗರದ ಕಡೆಯ ಒಂದು ಗಿರಣಿ ನಿಂತರೂ ನಮ್ಮ ಅಂಗಡಿಯ ಫೋನು ಹೊಡೆದುಕೊಳ್ಳುತ್ತದೆ. ಆಫೀಸಿನ ಕೆಲಸವೆಲ್ಲ ನನ್ನದು. ನನ್ನ ಮೇಜಿನ ಕೆಳಗೆ ಒಂದು ಕಪ್ಪು ಡಬ್ಬಿ ಇದೆ. ಅದಕ್ಕೆ ಸರ್ವರ್ ಎಂದು ಹೆಸರು. ಅಂಗಡಿಯ ಬಿಲ್ಲುಗಳೂ ಮೇಲ್‌ಗಳೂ ಅದರೊಳಗೇ ಇರುತ್ತವೆ. ಚಳಿಗಾಲದಲ್ಲಿ ನಾನು ಅದರ ಮೇಲೆ ಕಾಲಿಟ್ಟುಕೊಂಡು ಕೂರುತ್ತಿದ್ದೆ, ಬೆಚ್ಚಗಿರುತ್ತದೆ.

ನಮ್ಮ ಪದ್ಧತಿ ಹೀಗಿತ್ತು. ಹೊರಗಿನಿಂದ ಬಂದ ಇಂಗ್ಲಿಷ್ ಮೇಲನ್ನು ನಾನು ಓದಿ ಸಾವುಕಾರರಿಗೆ ಕನ್ನಡದಲ್ಲಿ ಹೇಳಬೇಕು. ಅವರು ಗಲ್ಲಾಪೆಟ್ಟಿಗೆಯ ಮುಂದೆ ಕೂತಲ್ಲಿಂದಲೇ ಉತ್ತರ ಹೇಳುತ್ತಾರೆ. ನಾನು ಅದನ್ನು ಇಂಗ್ಲಿಷ್ ಮಾಡಿ ಕಳಿಸಬೇಕು. ಕೆಲಸಕ್ಕೆ ಸೇರಿದ ಮೊದಲ ವಾರವೇ ನಮಗೆ ಬೆಲ್ಟು ಕಳಿಸುವವನೊಬ್ಬ ಸರಕು ತಡ ಮಾಡಿದ್ದ.

"ಬರಿ ತಂಗಿ," ಎಂದರು ಸಾವುಕಾರರು. "ನೀ ಮನುಷ್ಯಾ ಅದಿಯೋ ದನಾ ಅದಿಯೋ ಅಂತ ಬರಿ. ನಿನ್ನ ಬೆಲ್ಟ ನಿನ್ನ ಕೊಳ್ಳಾಗ ಹಾಕ್ಕೋ ಅಂತ ಬರಿ."

ನಾನು ನಿಷ್ಠೆಯಿಂದ ಬರೆದೆ. ಬರೆದದ್ದನ್ನು ಓದಿದರೆ ನನಗೇ ನಾಚಿಕೆಯಾಯಿತು. ಕನ್ನಡದಲ್ಲಿ ಆ ಮಾತಿಗೆ ಒಂದು ಗತ್ತಾದರೂ ಇತ್ತು, ಇಂಗ್ಲಿಷಿನಲ್ಲಿ ಸಂತೆಯಲ್ಲಿ ದನ ಕೊಳ್ಳಲು ಬಂದವನ ವಿಚಾರಣೆಯಂತಿತ್ತು. ಎಲ್ಲ ಅಳಿಸಿ ಹೊಸದಾಗಿ ಬರೆದೆ: "ಸರಕು ಇನ್ನೂ ತಲುಪಿಲ್ಲ. ನಿಮ್ಮ ಕಡೆ ಎಲ್ಲರೂ ಕ್ಷೇಮ ತಾನೇ? ಮಳೆಯಲ್ಲಿ ರಸ್ತೆಗಳ ಪಾಡು ನಮಗೂ ಗೊತ್ತು. ಆದಷ್ಟು ಬೇಗ ಕಳಿಸಿದರೆ ನಮ್ಮ ರೈತರಿಗೆ ಉಪಕಾರವಾಗುತ್ತದೆ." ನಾಲ್ಕನೆಯ ದಿನ ಬೆಲ್ಟು ಬಂದವು.

"ನೋಡಿದೇನ?" ಎಂದು ಸಾವುಕಾರರು ಮೀಸೆ ತಿರುವಿದರು. "ಹಿಂಗ ಝಾಡಿಸಿದ್ರನ ಕೆಲಸ ಆಗೂದು."

ಆಗಲಿ ಬಿಡು ಎಂದುಕೊಂಡೆ. ಅಂದಿನಿಂದ ಅವರು ಬೈದಷ್ಟೂ ನಾನು ವಿನಯವಾಗಿ ಬರೆಯುತ್ತ ಹೋದೆ. ಆ ಕಡೆಯಿಂದ ಬಂದ ಸಿಟ್ಟನ್ನೂ ನಾನೇ ಸೋಸಿ ಕೊಡುತ್ತಿದ್ದೆ. "ನಾವೇನು ನಿಮ್ಮ ಆಳುಗಳಲ್ಲ" ಎಂದು ಬಂದರೆ, "ಎರಡ ದಿನ ಟೈಮ್ ಕೇಳ್ಯಾರ್ರಿ" ಎನ್ನುತ್ತಿದ್ದೆ. ವ್ಯಾಪಾರ ಬೆಳೆಯಿತು. ಕುಷ್ಟಗಿಯಲ್ಲಿ ಒಂದು ಶಾಖೆಯೂ ಆಯಿತು. ತಮ್ಮ ಬಾಯಿಯ ಜೋರಿನಿಂದಲೇ ಇದೆಲ್ಲ ಆದದ್ದೆಂದು ಸಾವುಕಾರರು ಗಟ್ಟಿಯಾಗಿ ನಂಬಿದ್ದರು. ನನಗೆ ಒಳಗೊಳಗೇ ಉರಿಯುತ್ತಿತ್ತು, ಆದರೆ ಹೇಳುವ ಹಾಗಿರಲಿಲ್ಲ.

ಈ ವರ್ಷ ಅವರ ಮೊಣಕಾಲಿಗೆ ಆಪರೇಷನ್ ಆಯಿತು. ಎರಡು ತಿಂಗಳು ಕೊಪ್ಪಳದಲ್ಲಿ ಮಗಳ ಮನೆಯಲ್ಲಿ ಮಲಗಿರಬೇಕು ಎಂದರು ಡಾಕ್ಟರು. ಮಲಗಿದ ಮನುಷ್ಯನಿಗೆ ತಲೆಯಲ್ಲಿ ಏನೇನೋ ಹೊಳೆಯುತ್ತದೆ. ಒಂದು ಬೆಳಗ್ಗೆ ಫೋನು ಮಾಡಿದರು.

"ತಂಗಿ, ಈಗ ಮೇಲ್ ಎಲ್ಲಿ ಕುಂತ್ರೂ ಫೋನಿನ್ಯಾಗ ನೋಡಬಹುದಂತ. ಇಂಗ್ಲಿಷ್ ಇದ್ರ ಫೋನ ತಾನ ಕನ್ನಡಾ ಮಾಡಿ ಓದಿ ಹೇಳ್ತೈತಂತ. ನನ್ನ ಮಗಳು ತೋರಿಸಿದ್ಲು. ಕಂಪ್ಯೂಟರಿನವ್ರಿಗೆ ಹೇಳೀನಿ, ಇವತ್ತ ಬರ್ತಾರ. ಮಾಡಿಸಿ ಕೊಡು."

ಒಂಬತ್ತು ವರ್ಷದ ಮೇಲ್‌ಗಳು ಅಷ್ಟೂ ಆ ಡಬ್ಬಿಯಲ್ಲಿದ್ದವು. ನನ್ನ ಗಂಡನ ಕೆಲಸ ಹೋಗಿ ಆಗಲೇ ವರ್ಷವಾಗಿತ್ತು, ಮನೆ ನಡೆಯುತ್ತಿದ್ದದ್ದು ನನ್ನ ಸಂಬಳದಿಂದ. ಸಾವುಕಾರರು ಹಳೆಯದನ್ನು ಓದಿದರೆಂದರೆ ನನ್ನ ಕೆಲಸ ಹೋದ ಹಾಗೆಯೇ.

ಕಂಪ್ಯೂಟರಿನವರು ಕೊಪ್ಪಳದಿಂದ ಬಂದರು. ಐವತ್ತರ ಆಸುಪಾಸಿನ ಮನುಷ್ಯ, ತಣ್ಣನೆಯ ಮಾತು. ಮೇಜಿನ ಕೆಳಗೆ ನುಸುಳಿ ಡಬ್ಬಿಯ ಮೇಲಿನ ತೌಡಿನ ಧೂಳು ಒರೆಸಿದರು. ಆಮೇಲೆ ನನ್ನನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು. ಇಂಟರ್ನೆಟ್ಟಿನವರಿಂದ ಅಂಗಡಿಗೊಂದು ಬದಲಾಗದ ವಿಳಾಸ ತೆಗೆದುಕೊಳ್ಳಬೇಕು. ರೂಟರಿನಲ್ಲಿ ಒಂದೇ ಒಂದು ಬಾಗಿಲು ತೆರೆದು ಉಳಿದದ್ದೆಲ್ಲ ಮುಚ್ಚಬೇಕು. ಹೋಗಿಬರುವ ಅಕ್ಷರಗಳು ನಡುವೆ ಯಾರಿಗೂ ತಿಳಿಯದಂತೆ ಗುಪ್ತವಾಗಿರಬೇಕು. ಪಾಸ್‌ವರ್ಡ್ ಹಾಕಿದ ಮೇಲೆ ಸಾವುಕಾರರ ಫೋನಿಗೆ ಒಂದು ನಂಬರು ಬರುತ್ತದೆ, ಅದನ್ನೂ ಹಾಕಿದರೆ ಮಾತ್ರ ಒಳಗೆ.

"ಜಗತ್ತಿನ್ಯಾಗ ಯಾ ಕಳ್ಳನೂ ಬರಾಕ ಆಗೂದಿಲ್ರಿ ಮೇಡಂ," ಎಂದರು. "ಬಂದ್ರ ನಿಮ್ಮ ಸಾವ್ಕಾರ್ರ ಒಬ್ರ."

ನನಗೆ ಬೇಕಾಗಿದ್ದದ್ದು ಅದರ ಉಲ್ಟಾ. ಜಗತ್ತಿನ ಕಳ್ಳರೆಲ್ಲ ಬಂದು ಓದಲಿ, ಪಾಪ, ಅವರಿಗೂ ನಾಲ್ಕು ಒಳ್ಳೆಯ ಮಾತು ಸಿಗುತ್ತವೆ. ಸಾವುಕಾರರೊಬ್ಬರು ಬರದಿದ್ದರೆ ಸಾಕು.

"ಹೊಸಾ ಮೇಲ್ ಅಷ್ಟ ಕಾಣೂ ಹಂಗ ಮಾಡಾಕ ಬರ್ತೈತೇನ್ರಿ?" ಎಂದು ಕೇಳಿದೆ. "ಹಳೇವು ಯಾಕ ಬೇಕು ಪಾಪ, ಕಾಲ ನೋವಿನ್ಯಾಗ."

"ಎಲ್ಲಾ ಕಾಣ್ತಾವ್ರಿ. ಬಂದಿದ್ದೂ ಕಾಣ್ತೈತಿ, ಕಳಿಸಿದ್ದೂ ಕಾಣ್ತೈತಿ. ನೀವು ಅಳಿಸಿದ್ರ ಅಳಿಸಿದ್ದೂ ಕಾಣ್ತೈತಿ."

ಆ ಮನುಷ್ಯನನ್ನು ಅಲ್ಲೇ ಕತ್ತು ಹಿಸುಕಬೇಕೆನಿಸಿತು.

ಪಾಸ್‌ವರ್ಡಿನ ಮೇಲೆ ಅರ್ಧ ದಿನ ಹೋಯಿತು. ಸಾವುಕಾರರು ಫೋನಿನಲ್ಲೇ ನಮ್ಮ ಕಡೆಯ ದೇವಿ ಹುಲಿಗೆಮ್ಮನ ಹೆಸರು ಹೇಳಿದರು. ಕಂಪ್ಯೂಟರಿನವರು ಒಪ್ಪಲಿಲ್ಲ. "ಬ್ಯಾಡ್ರಿ ಸಾವ್ಕಾರ್ರ. ಈ ಕಡೆ ನಾ ಯಾರ ಅಂಗಡಿಗೆ ಹೋದ್ರೂ ಅದನ್ನ ಇಟ್ಟಿರ್ತಾರ. ಕಳ್ಳ ಬಂದ್ರ ಮೊದಲು ಅದನ್ನ ಒತ್ತಿ ನೋಡ್ತಾನ." ಅಮ್ಮನ ಹೆಸರು ಇಟ್ಟರೆ ಕಳ್ಳ ಒತ್ತುವ ಮೊದಲೇ ಕೈ ಸೆಟೆದುಹೋಗುತ್ತದೆ ಎಂದು ಸಾವುಕಾರರ ವಾದ. ಕೊನೆಗೆ ಕಂಪ್ಯೂಟರಿನವರೇ ಅಕ್ಷರ, ಅಂಕಿ, ನಕ್ಷತ್ರ ಕಲಸಿ ಏನೋ ಒಂದು ಕೊಟ್ಟರು.

ಎಲ್ಲ ಆಯಿತು ಎನ್ನುವಾಗ ದೇವರು ನನ್ನ ಕಡೆ ನೋಡಿದ. ಸಾವುಕಾರರು ಫೋನಿನಲ್ಲಿ ವಿಳಾಸ ಒತ್ತಿದರೆ ಪರದೆಯ ತುಂಬ ಕೆಂಪು ಎಚ್ಚರಿಕೆ ಬಂತು. ಈ ತಾಣ ಸುರಕ್ಷಿತವಲ್ಲ, ಯಾರಾದರೂ ನಿಮ್ಮ ಮಾಹಿತಿ ಕದಿಯಬಹುದು ಎಂದು ಬಂದಿದೆಯೆಂದು ಮಗಳ ಫೋನಿನಿಂದ ನಮಗೆ ಹೇಳಿದರು.

"ಅದನ್ನ ಒತ್ತಬ್ಯಾಡ್ರಿ," ಎಂದೆ ನಾನು ತಕ್ಷಣ. "ಬ್ಯಾಂಕಿನ್ಯಾಗಿನ ರೊಕ್ಕಾ ಹೋಗ್ತಾವು."

ಆಗಿದ್ದದ್ದು ಇಷ್ಟೇ. ಇದು ಇಂಥ ಅಂಗಡಿಯ ಸರ್ವರ್ ಎಂದು ತೋರಿಸುವ ಒಂದು ಸರ್ಟಿಫಿಕೇಟ್ ಬೇಕು. ಕಂಪ್ಯೂಟರಿನವರು ಸದ್ಯಕ್ಕೆಂದು ಸರ್ವರಿನ ಕೈಯಿಂದಲೇ ಅದನ್ನು ಮಾಡಿಸಿದ್ದರು. ಫೋನು ಅದನ್ನು ನಂಬಲಿಲ್ಲ. ಸಾವುಕಾರರಿಗೆ ಇದು ಚೆನ್ನಾಗಿ ಅರ್ಥವಾಯಿತು. "ತನ್ನ ಸರ್ಟಿಫಿಕೇಟ್ ತಾನ ಬರ್ಕೊಂಡ್ರ ಯಾರು ನಂಬ್ತಾರ? ನನ್ನ ಆದಾಯ ಸರ್ಟಿಫಿಕೇಟಿಗೆ ನಾನ ಸಹಿ ಹಾಕಿದ್ರ ತಹಶೀಲ್ದಾರ ಸುಮ್ನ ಬಿಡ್ತಾನೇನು?" ಎಂದು ಕಂಪ್ಯೂಟರಿನವರನ್ನೇ ಝಾಡಿಸಿದರು. ಹೊರಗಿನವರಿಂದ ಸರಿಯಾದ ಸರ್ಟಿಫಿಕೇಟ್ ತರಿಸಿ ಹಾಕಲು ಅವರಿಗೆ ನಾಲ್ಕು ದಿನ ಹಿಡಿಯಿತು, ಬೇರೆ ಊರಿನ ಕೆಲಸವೂ ಇತ್ತಲ್ಲ.

ಆ ನಾಲ್ಕು ದಿನ ನಾನು ಕಳಿಸಿದ ಮೇಲ್‌ಗಳನ್ನು ತೆರೆದು ಕೂತೆ. ಅಳಿಸಿಬಿಡೋಣ ಎಂದೇ ಕೂತದ್ದು. ಅಳಿಸಿದ್ದೂ ಕಾಣುತ್ತದೆ ಎಂದು ಅವರು ಹೇಳಿದ್ದರೂ, ಮನಸ್ಸು ಮಾಡಿದ್ದರೆ ಆ ಬುಟ್ಟಿಯನ್ನೂ ಖಾಲಿ ಮಾಡಬಹುದಿತ್ತು. ಕೈ ಬರಲಿಲ್ಲ. ಜನ್ಮದಲ್ಲಿ ನಾನು ಬರೆದದ್ದೆಂದು ಇದ್ದದ್ದು ಅವಷ್ಟೇ. ಕೆಳಗೆ ಬೇರೆಯವರ ಹೆಸರಿದ್ದರೇನಾಯಿತು, ಅವು ನನ್ನವು.

ಅವುಗಳಲ್ಲಿ ಒಂದನ್ನು ಮಾತ್ರ ಅಳಿಸಲೇಬೇಕಿತ್ತು. ಐದು ವರ್ಷದ ಹಿಂದೆ ಸುಗ್ಗಿಯಲ್ಲಿ, ಕೊಯಮತ್ತೂರಿನಿಂದ ನಮಗೆ ರಬ್ಬರ್ ರೋಲು ಕಳಿಸುವವರು ತಮ್ಮ ತಾಯಿ ತೀರಿಹೋದರು, ಸರಕು ತಡವಾಗುತ್ತದೆ ಎಂದು ಬರೆದಿದ್ದರು. "ಸತ್ತೋರು ಸತ್ರು, ರೋಲ್ ಎಲ್ಲಿ ಅಂತ ಕೇಳು," ಎಂದಿದ್ದರು ಸಾವುಕಾರರು. ನನ್ನ ಅವ್ವ ಹೋಗಿ ಆಗ ಮೂರು ತಿಂಗಳಾಗಿತ್ತು. ಆ ಮಾತು ಕೇಳಿ ನನಗೆ ಎಂಥ ಸಿಟ್ಟು ಬಂತೆಂದರೆ, ಒಂದೂವರೆ ಪುಟ ಬರೆದುಬಿಟ್ಟೆ. ನನ್ನ ತಾಯಿ ಹೋದ ಮೇಲೂ ನಾನು ದಿನಾ ಸಂಜೆ ಆಕೆಯ ಪಾಲಿನ ಚಹಾ ಮಾಡುತ್ತೇನೆ, ಮಾಡಿದ ಮೇಲೆ ನೆನಪಾಗುತ್ತದೆ, ಚೆಲ್ಲಲು ಮನಸ್ಸಾಗದೆ ನಾನೇ ಕುಡಿಯುತ್ತೇನೆ, ನೀವೂ ಗಟ್ಟಿ ಮನಸ್ಸು ಮಾಡಿಕೊಳ್ಳಿ, ರೋಲಿನ ಮಾತು ಈಗ ಬೇಡ, ಎಂದು. ಕೆಳಗೆ ರೂಢಿಯಂತೆ ಸಾವುಕಾರರ ಹೆಸರು ಹಾಕಿ ಕಳಿಸಿದೆ.

ಕಳಿಸಿದ ಮೇಲೆ ಹೊಳೆಯಿತು. ಸಾವುಕಾರರ ತಾಯಿ ಬದುಕಿದ್ದಾರೆ. ಇರಕಲ್ಲಗಡದಲ್ಲಿ ಕಿರಿಯ ಮಗನ ಮನೆಯಲ್ಲಿದ್ದಾರೆ, ಎಂಬತ್ತೆಂಟರಲ್ಲೂ ಗಟ್ಟಿ ರೊಟ್ಟಿ ತಿನ್ನುತ್ತಾರೆ. ಕೊಯಮತ್ತೂರಿನವರು ಮಾತ್ರ ಪ್ರತಿ ವರ್ಷ ಅದೇ ತಿಂಗಳಲ್ಲಿ, "ನಮ್ಮ ತಾಯಿಯ ಜೊತೆ ನಿಮ್ಮ ತಾಯಿಯ ಹೆಸರಿನಲ್ಲೂ ದೀಪ ಹಚ್ಚಿಸಿದೆ" ಎಂದು ಬರೆಯುತ್ತ ಬಂದರು. ನಾನು ಅದನ್ನು "ಹಬ್ಬದ ಶುಭಾಶಯ ಹೇಳ್ಯಾರ್ರಿ" ಎಂದು ಓದುತ್ತ ಬಂದೆ.

ಅದನ್ನೂ ಅಳಿಸಲಿಲ್ಲ. ಅಳಿಸಿದರೆ ನನ್ನ ಅವ್ವನ ಬಗ್ಗೆ ನಾನು ಯಾರಿಗೂ ಏನೂ ಹೇಳಿರಲಿಲ್ಲ ಎಂದಾಗುತ್ತಿತ್ತು.

ಐದನೆಯ ದಿನ ಕೆಂಪು ಎಚ್ಚರಿಕೆ ಹೋಯಿತು, ಬೀಗದ ಗುರುತು ಬಂತು, ಸಾವುಕಾರರು ಒಳಗೆ ಹೋದರು. ದಿನಕ್ಕೆ ಹತ್ತು ಸಲ ಫೋನು ಮಾಡುವವರು ಎರಡು ದಿನ ಒಂದೂ ಮಾಡಲಿಲ್ಲ. ಮೂರನೆಯ ದಿನ ಮಾಡಿ, "ನಾಳಿಗೆ ಕೊಪ್ಪಳಕ್ಕ ಬಾ" ಎಂದಷ್ಟೇ ಹೇಳಿ ಇಟ್ಟರು. ಗಂಡನಿಗೆ ಹೇಳಲಿಲ್ಲ. ಇಸ್ತ್ರಿ ಮಾಡಿದ ಸೀರೆ ಉಟ್ಟು ಬೆಳಗಿನ ಬಸ್ಸು ಹತ್ತಿದೆ.

ಸಾವುಕಾರರು ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಪಕ್ಕದಲ್ಲಿ, ನೆಲದ ಮೇಲೆ, ಮಗನನ್ನು ನೋಡಿಕೊಳ್ಳಲೆಂದು ಇರಕಲ್ಲಗಡದಿಂದ ಬಂದಿದ್ದ ಅವರ ತಾಯಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಸಾವುಕಾರರು ಫೋನು ಒತ್ತಿದರು. ಫೋನಿನೊಳಗಿನ ಹೆಂಗಸು ಪಾಠ ಒಪ್ಪಿಸುವವಳಂತೆ ಓದಿದಳು: "ನನ್ನ ತಾಯಿ ಮರಣ ಹೊಂದಿದ ನಂತರವೂ ನಾನು ಪ್ರತಿದಿನ ಸಂಜೆ ಅವಳ ಪಾಲಿನ ಚಹಾವನ್ನು ತಯಾರಿಸುತ್ತೇನೆ."

ಅಜ್ಜಿ ತಲೆ ಎತ್ತಿದರು. "ಯಾರ ತಾಯಿ?"

"ನನ್ನ ತಾಯಿ. ಅಂದ್ರ ನೀ."

"ಯಾವಾಗ?"

"ಐದ ವರ್ಷ ಆತು."

"ಹೌದೇನು," ಎಂದು ಅಜ್ಜಿ ಇನ್ನೊಂದು ಬೆಳ್ಳುಳ್ಳಿ ತೆಗೆದುಕೊಂಡರು.

"ಬದುಕಿದ್ದ ನನ್ನ ಅವ್ವನ್ನ ಸಾಯಿಸಿಬಿಟ್ಟಿ," ಎಂದರು ಸಾವುಕಾರರು ನನಗೆ. "ಉಳಿದವೂ ಓದೀನಿ. ಒಂದ್ರಾಗರ ನಾ ಹೇಳಿದ್ದು ಐತೇನು?"

ಹೆದರಿ ಹೆದರಿ ನನಗೂ ಸಾಕಾಗಿತ್ತು. "ಇಲ್ರಿ. ನೀವು ಸತ್ತೋರು ಸತ್ರು, ರೋಲ್ ಎಲ್ಲಿ ಅಂದಿದ್ರಿ. ಅದನ್ನ ಬರೀಬೇಕಿತ್ತೇನ್ರಿ? ತಾಯಿನ್ನ ಕಳಕೊಂಡ ಮನುಷ್ಯಾಗ? ಕೆಲಸದಿಂದ ತಗೀತೀರಂದ್ರ ತಗೀರಿ. ನಾ ಮಾತ್ರ ಅದನ್ನ ಬರೀತಿದ್ದಿಲ್ಲ."

ಸಾವುಕಾರರು ಬೈಯುತ್ತಾರೆಂದು ಕಾದೆ. ಅವರು ಫೋನನ್ನು ಹಾಸಿಗೆಯ ಮೇಲೆ ಬೋರಲು ಹಾಕಿದರು.

"ನಿನ್ನ ತಗದ್ರ ಆ ಕೊಯಮತ್ತೂರಾಂವಗ ಯಾರು ಬರೀತಾರ? ನಾ ಬರದ್ರ ಇಂವ ಬ್ಯಾರೆ ಮನುಷ್ಯಾ ಅಂತ ಅವಂಗ ಒಂದ ಸಾಲಿನ್ಯಾಗ ಗೊತ್ತಾಗ್ತೈತಿ." ತಾಯಿಯ ಕಡೆ ತಿರುಗಿದರು. "ವರ್ಷಾ ನಿನ್ನ ಹೆಸರಿಲೆ ದೀಪಾ ಹಚ್ಚಸ್ತಾನಂತ. ಅವಂಗ ಖರೇ ಹೇಳಬೇಕೇನು? ಅವ್ವ ಜೀವಂತ ಅದಾಳಂತ?"

"ಬ್ಯಾಡೋ," ಎಂದರು ಅಜ್ಜಿ. "ದೀಪಾ ಹಚ್ಚಾಕತ್ಯಾನಂದ್ರ ಹಚ್ಚಲಿ. ಅಷ್ಟ ದೂರದಾಗ ಸತ್ತಿದ್ರ ನನಗೇನ ತ್ರಾಸಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಸಾವುಕಾರರು ನಗಲಿಲ್ಲ. ನನ್ನನ್ನೇ ನೋಡುತ್ತಿದ್ದರು.

"ಚಹಾದ್ದು ಬರದಿಯಲ್ಲ. ಅದು ಯಾರ ಅವ್ವ?"

"ನನ್ನ ಅವ್ವರಿ."

"ಯಾವಾಗ ಹ್ವಾದ್ಲು? ನನಗ ಹೇಳಲೇ ಇಲ್ಲಲ್ಲ."

"ಹೇಳಿದ್ದೆರಿ. ನೀವು ಎರಡ ದಿನ ರಜಾ ಕೊಟ್ಟಿದ್ರಿ."

ಅಜ್ಜಿಯ ಕೈ ನಿಂತಿತು. ಸಾವುಕಾರರು ಗೋಡೆಯ ಕಡೆ ತಿರುಗಿ, ಆ ಫೋನನ್ನೇ ನನ್ನ ಕಡೆ ನೂಕಿದರು.

"ಬರ್ಕೋ. ಮೇಲ್ ಕಳಸೂದೈತಿ."

"ಯಾರಿಗ್ರಿ?"

"ನಿನಗ. ಬರಿ. ಏನ ತಂಗಿ, ನಿನಗ ಬುದ್ಧಿ ಐತೇನು? ಅವ್ವ ಸತ್ತಾಗ ಯಾರರ ಎರಡ ದಿನಕ್ಕ ಕೆಲಸಕ್ಕ ಬರ್ತಾರೇನು? ಹದಿನೈದ ದಿನ ರಜಾ ಕೇಳಬೇಕಿತ್ತು. ನಾ ಕೊಡ್ತಿದ್ನ್ಯೋ ಇಲ್ಲೋ, ಅದು ಬ್ಯಾರೆ ಮಾತು. ಕೊಡಲಿಲ್ಲಂದ್ರ ನನ್ನ ಮಾರಿ ಮ್ಯಾಲೆ ಬೈದು ಹೋಗಬೇಕಿತ್ತು. ಇಷ್ಟ ವರ್ಷ ಎದುರಿಗೆ ಕುಂತೀದಿ, ನನಗ ಗೊತ್ತಾಗಲಿಲ್ಲ. ಇಷ್ಟ."

ಅವರು ಹೇಳಿದ್ದನ್ನು ಹೇಳಿದ ಹಾಗೆಯೇ, ಬೈಗುಳವನ್ನೂ ಸೇರಿಸಿ, ಕನ್ನಡದಲ್ಲೇ ಬರೆದೆ. ಕಣ್ಣು ಮಂಜಾಗಿ ಎರಡು ಸಲ ತಪ್ಪು ಅಕ್ಷರ ಒತ್ತಿದೆ. ಕೆಳಗೆ ಅವರ ಹೆಸರು ಹಾಕಿ, ಒಂದು ಸಲ ಓದಿ ತೋರಿಸಿ, ಕಳಿಸಿದೆ.