ನಾಲ್ಕು ತುಂಡಿನ ಕ್ಯಾಮೆರಾ

ಕಲಘಟಗಿಯ ಬಸ್ ಸ್ಟ್ಯಾಂಡಿನ ಎದುರು ಫೋಟೋ ಅಂಗಡಿ ಇಟ್ಟಿದ್ದ ಕೃಷ್ಣಾಜಿ ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ದೇವರಿಗೆ ಊದುಬತ್ತಿ ಹಚ್ಚುವ ಮೊದಲು ಕ್ಯಾಮೆರಾ ಬಿಚ್ಚುತ್ತಿದ್ದರು. ಮುಂದಿನ ಲೆನ್ಸು, ನಡುವಿನ ಪೆಟ್ಟಿಗೆ, ಮೇಲೆ ಕಣ್ಣಿಟ್ಟು ನೋಡುವ ಗೂಡು, ಹಿಂದೆ ರೀಲಿನ ಡಬ್ಬಿ, ನಾಲ್ಕೂ ಬೇರೆ ಬೇರೆ. ಮೆತ್ತನೆಯ ಬಟ್ಟೆಯಿಂದ ಒರೆಸಿ ಮತ್ತೆ ಜೋಡಿಸಿದ ಮೇಲೆಯೇ ಚಹಾ. ಜ್ವರ ಬಂದಾಗಲೂ ಇದು ತಪ್ಪಿದ್ದಿಲ್ಲ.

"ದೇವರನ್ನೂ ಇಷ್ಟು ಒರಸಂಗಿಲ್ಲ ನೀವು" ಎಂದು ಹೆಂಡತಿ ದ್ವಾರಕಾಬಾಯಿ ಚುಚ್ಚುವರು.

"ದೇವರಿಗೆ ಧೂಳಿನಿಂದ ಕಣ್ಣ ಮಂಜಾಗಂಗಿಲ್ಲ, ಇದಕ್ಕ ಆಗ್ತದ."

ಎಪ್ಪತ್ತೈದರ ಬೇಸಿಗೆಯ ಒಂದು ಬೆಳಿಗ್ಗೆ ದುಮ್ಮವಾಡದ ಹುಲಿಗೆಪ್ಪ ಸೈಕಲ್ ತುಳಿಯುತ್ತ ಬಂದ.

"ಅವ್ವ ಹಾಸಿಗಿ ಹಿಡದಾಳ್ರಿ. ಎರಡ ದಿನ ಅಂದಾರ ಡಾಕ್ಟರು. ಆಕೀದು ಒಂದೂ ಫೋಟೋ ಇಲ್ಲ. ನಾಳೆ ನನ್ನ ಮಕ್ಕಳಿಗೆ ಆಕಿ ಮಾರಿ ಹ್ಯಾಂಗ ತೋರಸ್ಲಿ?"

ಕ್ಯಾಮೆರಾದಲ್ಲಿ ಊರಿನ ಮದುವೆಯೊಂದರ ಅರ್ಧ ರೀಲು ಇತ್ತು. ಸಂಜೆ ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಚಿತ್ರ ಅದರಲ್ಲೇ ಬರಬೇಕು. ಕೃಷ್ಣಾಜಿ ಬೇರೆ ರೀಲು ತುಂಬಿದ್ದ ಎರಡನೆಯ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಸೈಕಲ್ಲಿನ ಹಿಂದೆ ಕೂತರು. ದಾರಿಯಲ್ಲಿ ಚಕ್ಕಡಿ ಗಾಲಿಯ ಕೊರಕಲಿನಲ್ಲಿ ಸೈಕಲ್ ಜಾರಿ ಇಬ್ಬರೂ ಬಿದ್ದರು.

ಹುಲಿಗೆಪ್ಪನ ತಾಯಿ ಸಾವಂತ್ರೆವ್ವ ಮಲಗಿದ್ದ ಕೋಣೆಗೆ ಒಂದು ಬೆಳಕಿಂಡಿ ಮಾತ್ರ. ಆಕೆಯನ್ನು ಬಿಸಿಲಿಗೆ ಎತ್ತಿ ತರುವಂತಿರಲಿಲ್ಲ, ಮದುವೆಯ ರೀಲಿಗೆ ಆ ಬೆಳಕು ಸಾಲದು. ಕೃಷ್ಣಾಜಿ ಒಳಗೆ ಬೆಳಕು ಹೋಗದಂತೆ ಆ ಡಬ್ಬಿಯ ಬಾಯಿಗೆ ತೆಳು ತಗಡು ಸರಿಸಿ ಮುಚ್ಚಿ, ಅದನ್ನು ಕಳಚಿ, ಕಡಿಮೆ ಬೆಳಕಿನಲ್ಲೂ ಚಿತ್ರ ಹಿಡಿಯುವ ರೀಲಿದ್ದ ಎರಡನೆಯದನ್ನು ಸಿಕ್ಕಿಸಿದರು. ಮದುವೆಯ ಒಂದು ಚಿತ್ರವೂ ಕೆಡಲಿಲ್ಲ. ಆದರೆ ಗೂಡಿನಲ್ಲಿ ಕಣ್ಣಿಟ್ಟರೆ ಏನೂ ಕಾಣದು. ದಾರಿಯಲ್ಲಿ ಬಿದ್ದ ಏಟಿಗೆ ಗೂಡಿನ ಒಳಗಿನ ಗಾಜು ಒಡೆದಿತ್ತು.

"ಮುಗೀತಲ್ರಿ" ಎಂದ ಹುಲಿಗೆಪ್ಪ.

"ತಡಿ. ಒಡದದ್ದು ಇದೊಂದ."

ಗೂಡನ್ನು ಕಿತ್ತು ಬದಿಗಿಟ್ಟರೆ ಕೆಳಗೆ ಅಂಗೈಯಗಲದ ಮಸುಕು ಗಾಜು. ಅದನ್ನೇ ಬಗ್ಗಿ ನೋಡಬೇಕು, ಸುತ್ತ ಕತ್ತಲೆ ಬೇಕು. ಸಾವಂತ್ರೆವ್ವನ ಸೊಸೆ ದುರಗವ್ವ ಕೃಷ್ಣಾಜಿಯವರ ತಲೆಯ ಮೇಲೆ ಕಂಬಳಿ ಹೊದಿಸಿದಳು. ಗಾಜಿನಲ್ಲಿ ಮುದುಕಿಯ ಮುಖ ಮೆಲ್ಲಗೆ ಮೂಡಿತು. ಆಕೆಯ ಕಾಲು ಸೋತಿದ್ದವು, ಕೈ ಎತ್ತಲಾಗುತ್ತಿರಲಿಲ್ಲ, ನಾಲಿಗೆ ಮಾತ್ರ ಗಟ್ಟಿ ಇತ್ತು.

"ಯಾಕೋ ಯಪ್ಪಾ, ಕಂಬಳಿ ಹೊದ್ದು ಬಗ್ಗಿ ನಿಂತಿ? ನನಗ ನಮಸ್ಕಾರ ಮಾಡ್ತೀಯೇನ? ನಾ ಇನ್ನೂ ಸತ್ತಿಲ್ಲೋ."

ದುರಗವ್ವನಿಗೆ ಅಳುವಿನ ನಡುವೆಯೇ ನಗು ಬಂತು. ಮುದುಕಿಯೂ ನಕ್ಕು, ದಣಿದು, ಒಂದು ಗಳಿಗೆ ಅಲುಗದೆ ನೋಡಿದಳು. ಕೃಷ್ಣಾಜಿ ಉಸಿರು ಬಿಗಿಹಿಡಿದು ಗುಂಡಿ ಒತ್ತಿದರು.

ತಾಯಿಯನ್ನು ಮಣ್ಣು ಮಾಡಿದ ವಾರದ ಮೇಲೆ ಹುಲಿಗೆಪ್ಪ ಅಂಗಡಿಗೆ ಬಂದ. ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಹೇಳಿದ:

"ನನ್ನ ಸಲುವಾಗಿ ನಿಮ್ಮ ಕ್ಯಾಮೆರಾ ಒಡೀತು. ನಮ್ಮ ಕಾಕಾ ಪುಣೆದಾಗ ಕ್ಯಾಮೆರಾ ಅಂಗಡ್ಯಾಗ ದುಡೀತಾನ್ರಿ. ಹೊಸಾದು ತರಿಸಿಕೊಡ್ತೀನಿ. ಒಂದ ತುಂಡಿಂದು, ಬಿಚ್ಚೂ ರಗಳಿನ ಇಲ್ಲ."

ಕೃಷ್ಣಾಜಿ ಅವನ ಹೆಗಲ ಮೇಲೆ ಕೈಯಿಟ್ಟರು.

"ಬ್ಯಾಡಪಾ. ಒಂದ ತುಂಡಿಂದಾಗಿದ್ರ ಅವತ್ತ ನಿಮ್ಮವ್ವ ನಮಗ ಸಿಗ್ತಿರಲಿಲ್ಲ. ಗೂಡಿಗೆ ಹುಬ್ಬಳ್ಳ್ಯಾಗ ಬ್ಯಾರೆ ಗಾಜು ಕೂಡಸ್ತಾರ, ಅಷ್ಟ ಸಾಕು ನನಗ."